ಕೇಕಿನ ಮುಹೂರ್ತ

ಬೆಣ್ಣೆಗೂ ಬಟ್ಟೆಗೂ ಆಗಿಬರುವುದಿಲ್ಲ. ಮದುವೆ ಹುಡುಗಿಯರಿಗೆ ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅವರು ಫೋನಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಬರುತ್ತಾರೆ. ಮೂರು ಅಂತಸ್ತಿನ ಬಟರ್‌ಕ್ರೀಮ್ ಕೇಕು, ಪ್ರತಿ ಅಂತಸ್ತಿನ ಬುಡಕ್ಕೆ ಸ್ಯಾಟಿನ್ ರಿಬ್ಬನ್ನು, ಮುಂದುಗಡೆ ಒಂದು ಪುಟ್ಟ ಗಂಟು. ನೋಡಲು ಚೆಂದವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಚಿತ್ರ ತೆಗೆದ ಪುಣ್ಯಾತ್ಮ ರಿಬ್ಬನ್ನು ಸುತ್ತಿದ ಮರುಗಳಿಗೆಯೇ ತೆಗೆದಿರುತ್ತಾನೆ. ಆಮೇಲೆ ಏನಾಯಿತೆಂದು ಯಾರೂ ತೋರಿಸುವುದಿಲ್ಲ. ಆಗುವುದು ಇಷ್ಟೇ. ಕ್ರೀಮಿನ ಜಿಡ್ಡು ಮೆಲ್ಲನೆ ರಿಬ್ಬನ್ನಿಗೆ ಏರುತ್ತದೆ. ಮೊದಲು ಅಂಚಿನಲ್ಲಿ ಸಾಸಿವೆಯಷ್ಟು ಕಲೆ, ಆಮೇಲೆ ಅಲ್ಲೊಂದು ಇಲ್ಲೊಂದು. ಕೇಕು ಕತ್ತರಿಸುವ ಹೊತ್ತಿಗೆ ಅದು ರಿಬ್ಬನ್ನೋ ಒಲೆ ಒರೆಸಿದ ಬಟ್ಟೆಯೋ ಗೊತ್ತಾಗುವುದಿಲ್ಲ.

ರಿಬ್ಬನ್ನಿನ ಹಿಂಬದಿಗೆ ಬಟರ್ ಪೇಪರ್ ಅಂಟಿಸಿದರೆ ಕಲೆ ಸ್ವಲ್ಪ ತಡವಾಗಿ ಬರುತ್ತದೆ. ಅದೂ ಒಣ ಹವೆಯಲ್ಲಿ. ನಮ್ಮೂರಿನ ಸೆಕೆ ಬೇರೆಯೇ ಜಾತಿಯದು. ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಬಾಗಿಲು ಉಬ್ಬಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅಂಥ ಹವೆಯಲ್ಲಿ ಫ್ರಿಜ್ಜಿನಿಂದ ಹೊರಗೆ ಬಂದ ಕೇಕು ನಮಗಿಂತ ಜಾಸ್ತಿ ಬೆವರುತ್ತದೆ. ಆ ಬೆವರಿನ ಮೇಲೆ ರಿಬ್ಬನ್ನು ಸುತ್ತಿದರೆ ಪೇಪರು ಸುರುಳಿಯಾಗಿ, ಬಣ್ಣ ಬಿಟ್ಟು ಎಲ್ಲ ಹಾಳು. ಹಾಗೆಂದು ಹೆಚ್ಚು ಕಾದರೆ ಕ್ರೀಮು ಮೆತ್ತಗಾಗಿ ರಿಬ್ಬನ್ನು ಜಾರುತ್ತದೆ. ಬೆವರು ಆರಿ, ಕ್ರೀಮು ಇನ್ನೂ ಗಟ್ಟಿಯಾಗಿರುವ ಒಂದು ಚಿಕ್ಕ ಹೊತ್ತು ನಡುವೆ ಬಂದುಹೋಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಮುಹೂರ್ತ ಎನ್ನುತ್ತೇವೆ. ಗಂಡುಹೆಣ್ಣಿನ ಮುಹೂರ್ತ ಸ್ವಲ್ಪ ಅತ್ತಿತ್ತ ಆದರೂ ನಡೆದೀತು, ಕೇಕಿನದು ನಡೆಯುವುದಿಲ್ಲ.

ಮುಹೂರ್ತ ಬಂತೋ ಇಲ್ಲವೋ ಎಂದು ಹೇಳುವವಳು ನನ್ನ ಅಕ್ಕ. ಬೆರಳಿನ ಹಿಂಬದಿಯನ್ನು ಕ್ರೀಮಿಗೆ ಮುಟ್ಟಿಸಿ ತೆಗೆಯುತ್ತಾಳೆ. ಒದ್ದೆಯಾದರೆ ಇಲ್ಲ, ಅಂಟಿದರೆ ಇಲ್ಲ, ಏನೂ ಆಗದಿದ್ದರೆ ಹೌದು. ಅಕ್ಕನದು ತಣ್ಣನೆಯ ಕೈ. ಎಂಥ ಸೆಕೆಯಲ್ಲೂ ಅವಳ ಅಂಗೈ ಆಗತಾನೇ ನಲ್ಲಿಯ ಕೆಳಗೆ ಹಿಡಿದು ಬಂದ ಹಾಗಿರುತ್ತದೆ. ನನ್ನದು ಬಿಸಿ ಕೈ. ನಾನು ಮುಟ್ಟಿದ ಕಡೆ ಕ್ರೀಮು ಕುಸಿಯುತ್ತದೆ, ರಿಬ್ಬನ್ನಿನ ಮೇಲೆ ಹೆಬ್ಬೆರಳು ಮೂಡುತ್ತದೆ. ಹೀಗಾಗಿ ಇಷ್ಟು ವರ್ಷ ಬೆಣ್ಣೆ ಸಕ್ಕರೆ ಕಲಸಿದ್ದು, ಪಾತ್ರೆ ತೊಳೆದದ್ದು, ಗಾಡಿ ಓಡಿಸಿದ್ದು, ಗಿರಾಕಿಗಳ ಜತೆ ಜಗಳವಾಡಿದ್ದು ಎಲ್ಲ ನಾನು. ರಿಬ್ಬನ್ನು ಕಟ್ಟಿದ್ದು ಮಾತ್ರ ಅಕ್ಕ. ನನಗೆ ಅದರಲ್ಲಿ ಬೇಸರವಿಲ್ಲ. ಜಗಳಕ್ಕೆ ಬಿಸಿ ಕೈಯೇ ಬೇಕು.

ಅಕ್ಕನಿಗೆ ಒಬ್ಬಳೇ ಮಗಳು. ಭಾವ ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಕ್ರೀಮಿನ ಬಟ್ಟಲ ಸುತ್ತ ಚಮಚ ಹಿಡಿದುಕೊಂಡೇ ಬೆಳೆದದ್ದರಿಂದ ಚಮಚ ಎಂದೇ ಹೆಸರು ನಿಂತಿತು. ಯಾರ ಬಾಲವನ್ನೂ ಹಿಡಿಯದ, ಎಲ್ಲರ ಮುಖಕ್ಕೆ ಹೊಡೆದಂತೆ ಮಾತಾಡುವ ಹುಡುಗಿಗೆ ಇದೆಂಥ ಹೆಸರು ಎಂದು ಅವಳ ಗೆಳತಿಯರು ನಗುತ್ತಿದ್ದರು.

ನಮ್ಮ ಕಸುಬಿನ ಶಾಪವೇನೆಂದರೆ, ಮದುವೆಗಳೆಲ್ಲ ರಜೆಯ ದಿನ. ಮಕ್ಕಳ ನಾಟಕ, ಆಟದ ಪಂದ್ಯ, ಬಹುಮಾನ ಕೊಡುವುದು, ಅವೂ ರಜೆಯ ದಿನವೇ. ರಿಬ್ಬನ್ನು ಕಟ್ಟುವ ಹೊತ್ತಿನಲ್ಲಿ ನಾನು ಬೇಡದ ಆಳಾದ್ದರಿಂದ ಶಾಲೆಗೆ ನಾನು ಹೋಗುತ್ತಿದ್ದೆ. ಚಮಚ ವೇದಿಕೆಯ ಮೇಲಿಂದ ಸಾಲುಗಳನ್ನು ಹುಡುಕಿ, ನನ್ನನ್ನು ಕಂಡು ಕೈ ಬೀಸುತ್ತಿದ್ದಳು. ಬೀಸುವ ಮುನ್ನ ನನ್ನ ಪಕ್ಕದ ಕುರ್ಚಿಯನ್ನು ಒಮ್ಮೆ ನೋಡುತ್ತಿದ್ದಳು. ಪ್ರತಿ ಸಲವೂ. ಅಕ್ಕನಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು? ಅವಳೇನು ಸಿನಿಮಾ ನೋಡಲು ಹೋಗಿರುತ್ತಿದ್ದಳೇ?

ಚಮಚಳ ಮದುವೆ ಗೊತ್ತಾಯಿತು, ರಿಜಿಸ್ಟರ್ ಮದುವೆ. ಹುಡುಗ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಜಿಡ್ಡಿನ ಮನೆಗೆ ಜಿಡ್ಡಿನ ಅಳಿಯ ಸಿಕ್ಕಿದ ಎಂದು ನಾನು ತಮಾಷೆ ಮಾಡಿದೆ. ಆವತ್ತು ಸಂಜೆ ಅಕ್ಕ ಯಾರದೋ ಕೇಕಿನ ಅಂಚು ನಯ ಮಾಡುತ್ತಿದ್ದಾಗ ಚಮಚ ಬಂದು ಮೇಜಿನ ಎದುರು ನಿಂತಳು.

"ನನ್ನ ಮದುವೆಗೆ ಕೇಕು ಬೇರೆ ಕಡೆಯಿಂದ ತರಿಸೋಣ."

ಅಕ್ಕ ಚಾಕು ಕೆಳಗಿಟ್ಟಳು. "ಯಾಕೆ? ನಂದಕ್ಕೇನಾಗಿದೆ?"

"ನಿಂದಕ್ಕೇನೂ ಆಗಿಲ್ಲ. ನೀನು ಮಾಡಿದ್ರೆ ಅವತ್ತೂ ಅಡುಗೆಮನೇಲೇ ಇರ್ತೀಯ."

"ನನ್ನ ಮಗಳ ಮದುವೇಲಿ ಇನ್ನೊಬ್ಬರ ಕೇಕಾ? ಗೋಡೆಗೆ ಸುಣ್ಣ ಬಳಿದ ಹಾಗಿರುತ್ತಲ್ಲ, ಅದಾ? ನಾನು ಸತ್ತ ಮೇಲೆ ತರಿಸ್ಕೋ."

ತಾಯಿ ಮಗಳು ಇಬ್ಬರೂ ಮುಖ ಗಂಟು ಹಾಕಿಕೊಂಡು ನಿಂತರು. ಕೊನೆಗೆ ಚಮಚಳೇ ಸೋತಳು.

"ಸರಿ, ನೀನೇ ಮಾಡು. ಆದ್ರೆ ಒಂದು ಮಾತು. ನಾನು ಒಪ್ಪಿಗೆ ಅನ್ನೋದನ್ನ ನೀನು ಮುಂದಿನ ಸಾಲಲ್ಲಿ ಕೂತು ನೋಡ್ಬೇಕು. ಏಪ್ರನ್ ಇಲ್ದೆ."

"ನೋಡ್ತೀನಿ."

"ನೋಡೋಣ ಅನ್ನೋ ನೋಡ್ತೀನಿನಾ, ಕಣ್ಣಲ್ಲಿ ನೋಡೋ ನೋಡ್ತೀನಿನಾ?"

ನಾನು ಕಿಸಕ್ಕನೆ ನಕ್ಕೆ. ಅಕ್ಕ ನಗಲಿಲ್ಲ. ಮಗಳ ಮುಖವನ್ನೇ ನೋಡಿದಳು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

"ಕಣ್ಣಲ್ಲೇ ನೋಡ್ತೀನಿ ಕಣೇ," ಎಂದಳು.

"ಎರಡು ಮುಹೂರ್ತ ಒಟ್ಟಿಗೆ ಬಂದ್ರೆ?"

"ಬಂದ್ರೂ."

ಚಮಚ ಆಮೇಲೆ ನನ್ನ ಹತ್ತಿರ ಬಂದು, ತೊಳೆಯುವ ತೊಟ್ಟಿಯ ಪಕ್ಕ ನಿಂತು, ಮೆಲ್ಲಗೆ ಹೇಳಿದಳು. "ಚಿಕ್ಕಿ, ನನಗೆ ಬೇರೇನೂ ಬೇಡ. ಇದೊಂದು ಸಲ ಅಮ್ಮ ನೋಡ್ಬೇಕು. ನೀನು ನೋಡ್ಕೋ." ಆ ಕ್ಷಣದಿಂದ ಅದು ನನ್ನ ತಲೆಗೂ ಬಂತು.

ಚಮಚಳಿಗೂ ರಿಬ್ಬನ್ನಿನ ಕೇಕೇ ಬೇಕಂತೆ. ಬಣ್ಣವಾದರೂ ಕಡುವಾಗಿ ಆರಿಸಿಕೋ, ಜಿಡ್ಡು ಕಾಣುವುದಿಲ್ಲ ಎಂದು ಕೈಮುಗಿದು ಕೇಳಿಕೊಂಡೆ. ಅವಳು ಆರಿಸಿದ್ದು ತಿಳಿ ನೀಲಿ. ಒಂದು ಹನಿ ನೀರು ಬಿದ್ದರೂ ಎದ್ದು ಕಾಣುವ ಬಣ್ಣ. ಕೇಕಿನವರ ಮಗಳಾಗಿ ಹುಟ್ಟಿದ್ದು ದಂಡ ಎಂದು ಬೈದೆ. ಅವಳು ಹಲ್ಲು ಕಿರಿದಳು.

ಮದುವೆಯ ವಾರ ಹವೆ ಕೆಟ್ಟುಹೋಯಿತು. ಮಳೆ ಬರುವುದಿಲ್ಲ, ಗಾಳಿಯೂ ಬೀಸುವುದಿಲ್ಲ, ಆಕಾಶ ಒದ್ದೆ ಕಂಬಳಿಯ ಹಾಗೆ ತಲೆಯ ಮೇಲೇ ಕೂತಿರುತ್ತದೆ. ಅಡುಗೆಮನೆಯಲ್ಲಿ ಎರಡು ಫ್ಯಾನು ತಿರುಗಿಸಿದರೂ ಅತ್ತ ಇತ್ತ ಹೋಗುವುದು ಅದೇ ಗಾಳಿ. ಸಾಲದ್ದಕ್ಕೆ ಹಿಂದಿನ ದಿನವೇ ಇನ್ನೊಂದು ಮದುವೆಯ ಕೇಕು. ಅದನ್ನು ಅಕ್ಕ ಚಮಚಳ ದಿನ ಗೊತ್ತಾಗುವ ಮುಂಚೆಯೇ ಒಪ್ಪಿಕೊಂಡಿದ್ದಳು. ಆಗುವುದಿಲ್ಲವೆಂದು ಹೇಳಿಬಿಡು ಅಂದೆ. "ಅವಳೂ ಯಾರದೋ ಮಗಳೇ ಅಲ್ವೇನೇ?" ಎಂದಳು. ಈ ಹೆಂಗಸಿನ ಜತೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಆ ಕೇಕು ಕಳಿಸಿದ ಮೇಲೆ ನಮ್ಮದನ್ನು ಹಿಡಿದಳು. ಕೆಳಗಿನ ಅಂತಸ್ತಿಗೆ ಬಳಿದ ಕ್ರೀಮು ಸೆಕೆಗೆ ಒಂದು ಮಗ್ಗುಲಲ್ಲಿ ಜಗ್ಗಿತು. ಹೊಟ್ಟೆ ಬಂದ ಗಂಡಸಿನ ಹಾಗೆ ಕಂಡಿತು. ನಾನಾಗಿದ್ದರೆ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಅಕ್ಕ ಪೂರ್ತಿ ಕೆರೆದು ತೆಗೆದು, ಫ್ರಿಜ್ಜಿನಲ್ಲಿಟ್ಟು, ಮತ್ತೆ ಮೊದಲಿನಿಂದ ಬಳಿದಳು. ಅವಳ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ಒಂದು ಗಳಿಗೆ ಮಲಗು ಎಂದರೆ, "ಮಲಗಿದ್ರೆ ಏಳಲ್ಲ ನಾನು," ಎನ್ನುವಳು. ನಾನಾದರೂ ಸಕ್ಕರೆ ಮೂಟೆಯ ಮೇಲೆ ಒರಗಿ ಆಗೀಗ ಕಣ್ಣು ಮುಚ್ಚಿದೆ. ಅವಳು ಎರಡು ದಿನ ಬೆನ್ನು ನೆಲಕ್ಕೆ ಹಾಕಲಿಲ್ಲ.

ಮದುವೆಯ ಬೆಳಿಗ್ಗೆ ಗಾಡಿಯನ್ನು ಬಾಣಂತಿಯನ್ನು ಕರೆದೊಯ್ಯುವ ಹಾಗೆ ಓಡಿಸಿಕೊಂಡು ಹೋದೆ. ಮದುವೆ ಹಾಲಿನ ಹಿಂಬದಿಗೆ ಅಡುಗೆಮನೆ. ಒಂದು ಟ್ಯೂಬ್‌ಲೈಟು, ಒಂದು ತೊಟ್ಟಿ, ಕೈಯಗಲದ ಕಿಟಕಿ. ಅಡುಗೆಮನೆಗೂ ಹಾಲಿಗೂ ನಡುವೆ ತಳ್ಳಿದರೆ ತೆರೆಯುವ ಬಾಗಿಲು, ಅದರಲ್ಲಿ ತಟ್ಟೆಯಷ್ಟು ಅಗಲದ ದುಂಡು ಗಾಜು. ಹಾಲಿನಲ್ಲಿ ಏಸಿ ಇತ್ತು. ಇತ್ತು ಎಂದರೆ ಗೋಡೆಯ ಮೇಲೆ ಇತ್ತು.

"ಜನ ಬರೋ ತನಕ ಹಾಕಲ್ಲಮ್ಮ," ಎಂದ ಹಾಲಿನ ಮ್ಯಾನೇಜರು, ಬಾಗಿಲಿಗೆ ಒರಗಿಕೊಂಡು.

"ಕೇಕು ಜನ ಅಲ್ವಾ?" ಎಂದೆ. "ಬೆವರ್ತಾ ಇದೆ ನೋಡಿ."

ಅವನು ಕೇಕಿನ ಕಡೆ ನೋಡಿ, ನನ್ನ ಕಡೆ ನೋಡಿ, ಕಿವಿ ಕೆರೆದುಕೊಂಡು ಹೊರಟುಹೋದ. ಕೇಕು ಬೆವರುತ್ತಲೇ ಇತ್ತು. ಮೂರೂ ಅಂತಸ್ತಿನ ಮೇಲೆ ಸಣ್ಣ ಹನಿಗಳು ಕೂಡಿ ದೊಡ್ಡವಾಗಿ ಜಾರುತ್ತಿದ್ದವು. ಅಕ್ಕ ಒಂದು ರಟ್ಟು ಹಿಡಿದು ಗಾಳಿ ಹಾಕುತ್ತ ನಿಂತಳು. ಮಗಳ ಮದುವೆಗೆಂದು ಉಟ್ಟ ಹೊಸ ಬಟ್ಟೆ, ಅದರ ಮೇಲೆ ಹಳೇ ಏಪ್ರನ್ನು.

ಜನ ಬಂದರು. ಏಸಿ ಹಾಕಿದರು. ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ನುಸುಳತೊಡಗಿತು. ಗಾಲಿಮೇಜಿನ ಮೇಲಿದ್ದ ಕೇಕನ್ನು ಬಾಗಿಲ ಪಕ್ಕಕ್ಕೇ ತಳ್ಳಿಕೊಂಡೆವು. ಮದುವೆ ಮುಗಿದ ಕೂಡಲೇ ಅದನ್ನು ಹೊರಗೆ ತಳ್ಳಬೇಕು, ಆಗ ಮೂರು ರಿಬ್ಬನ್ನೂ ಸುತ್ತಿರಬೇಕು. ಅಕ್ಕ ಬೆರಳ ಹಿಂಬದಿ ಮುಟ್ಟಿಸಿ ನೋಡಿದಳು. ಒದ್ದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಒದ್ದೆ. ಹಾಲಿನಲ್ಲಿ ಕುರ್ಚಿಗಳು ತುಂಬಿದವು, ಮುಂದಿನ ಸಾಲಿನ ನಡುವಿನ ಒಂದು ಕುರ್ಚಿ ಬಿಟ್ಟು. ಮದುವೆ ಮಾಡಿಸುವ ಅಧಿಕಾರಿ ಕನ್ನಡಕ ಒರೆಸುತ್ತ ವೇದಿಕೆ ಹತ್ತಿದರು.

ಚಮಚ ಹೇಳಿದ್ದೇ ಆಯಿತು. ಎರಡೂ ಮುಹೂರ್ತ ಒಟ್ಟಿಗೇ ಬಂದು ನಿಂತವು.

"ನೀನು ಹೋಗು," ಎಂದೆ.

"ಇನ್ನೊಂದ್ಸಲ ನೋಡ್ತೀನಿ."

"ಅಕ್ಕಾ, ಹೋಗು. ನಾನು ಕಟ್ತೀನಿ."

ಅವಳು ನನ್ನ ಕೈ ನೋಡಿದಳು. ನಾನು ಪಾನೀಯಕ್ಕೆಂದು ತಂದಿಟ್ಟಿದ್ದ ಐಸಿನ ಬಕೆಟ್ಟಿಗೆ ಎರಡೂ ಕೈಯನ್ನು ಮೊಣಕೈ ತನಕ ಮುಳುಗಿಸಿದೆ. ಮೂಳೆ ನೋಯುವ ತನಕ ಹಿಡಿದು, ಒರೆಸಿಕೊಂಡು, ಅವಳ ಕೆನ್ನೆಗೆ ಇಟ್ಟೆ.

"ಈಗ?"

"ತಣ್ಣಗಿದೆ. ಎಷ್ಟು ಹೊತ್ತಿರುತ್ತೆ?"

"ನಿನ್ನ ಮಗಳು ಒಪ್ಪಿಗೆ ಅನ್ನೋ ತನಕ ಇರುತ್ತೆ. ನಡಿ."

ಅವಳ ಏಪ್ರನ್ನಿನ ಗಂಟನ್ನು ನಾನೇ ಬಿಚ್ಚಿದೆ. ಹೋಗುತ್ತ ಹೋಗುತ್ತ ಹೇಳುತ್ತಲೇ ಇದ್ದಳು, ಕೆಳಗಿನದು ಮೊದಲು, ಎಳೀಬೇಡ, ಕೇಕಿಗೆ ತಾಗಿಸಿ ಬಿಡು ಅಷ್ಟೇ, ಪಿನ್ನು ಗಿನ್ನು ಚುಚ್ಚೀಯ ಜೋಕೆ, ಜನ ತಿನ್ನೋದು. ಬಾಗಿಲ ಹೊರಗೆ ತಳ್ಳಿದೆ. ಗಾಜಿನಲ್ಲಿ ನೋಡಿದರೆ, ಸಾಲುಗಳ ನಡುವೆ ಊದಿದ ಕಾಲು ಎತ್ತಿ ಇಡುತ್ತ ಹೋಗಿ, ಆ ಖಾಲಿ ಕುರ್ಚಿಯಲ್ಲಿ ಕೂತಳು. ಮೆತ್ತೆಯ ಕುರ್ಚಿ. ಅಂಥದ್ದರಲ್ಲಿ ಅವಳು ಕೂತದ್ದನ್ನು ನಾನು ನೋಡಿರಲೇ ಇಲ್ಲ.

ನಾನೀಗ ಒಬ್ಬಳೇ. ಬೆರಳ ಹಿಂಬದಿ ಮುಟ್ಟಿಸಿದೆ. ತುಸು ಒದ್ದೆ. ಐಸಿನಲ್ಲಿ ಕೈ. ಮತ್ತೆ ಮುಟ್ಟಿಸಿದೆ. ಏನೂ ಆಗಲಿಲ್ಲ. ಒದ್ದೆಯಿಲ್ಲ, ಅಂಟಿಲ್ಲ. ಇದೇ ಇರಬೇಕು ಎಂದು ಕೆಳಗಿನ ರಿಬ್ಬನ್ನು ಎತ್ತಿಕೊಂಡೆ. ಒಂದು ತುದಿ ಇಟ್ಟು, ಸುತ್ತಲೂ ನಡೆದು, ಇನ್ನೊಂದು ತುದಿಯನ್ನು ಅದರ ಮೇಲೆ ಕೂರಿಸಿದೆ. ಕೂತಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎನ್ನುತ್ತಾರಲ್ಲ, ಅಂಥ ಮಾತು ಹುಟ್ಟಿಸಿದವರು ಬೆಣ್ಣೆಯ ಹತ್ತಿರ ಸುಳಿದವರೇ ಅಲ್ಲ. ನನ್ನ ಉಸಿರೇ ನಿಂತುಹೋಗಿತ್ತು.

ನಡುವಿನ ರಿಬ್ಬನ್ನು ಸುತ್ತುವಾಗ ಜನ ಎದ್ದು ನಿಂತ ಸದ್ದಾಯಿತು. ಗಾಜಿಗೆ ಮೂಗು ಒತ್ತಿ ನೋಡಿದೆ. ಚಮಚ ಒಳಗೆ ಬರುತ್ತಿದ್ದಳು. ಅವಳ ಕಣ್ಣು ಯಾರ ಮೇಲೂ ನಿಲ್ಲದೆ ನೇರ ಮುಂದಿನ ಸಾಲಿಗೆ ಹೋಯಿತು. ಅಲ್ಲಿ ಅಮ್ಮ ಇದ್ದಳು. ಚಮಚ ಕೈ ಬೀಸಿದಳು. ಮದುಮಗಳು ಬಸ್ಸಿನಲ್ಲಿ ಹೋಗುವವಳ ಹಾಗೆ ಕೈ ಬೀಸಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಕ್ಕನೂ ಬೀಸಿದಳು.

ಅಷ್ಟು ಸಾಕು, ಇನ್ನು ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡು ಮೇಲಿನ ಅಂತಸ್ತಿನ ರಿಬ್ಬನ್ನು ಹಿಡಿದೆ. ಅದು ಚಿಕ್ಕದು, ಎತ್ತರದಲ್ಲಿದೆ, ತುದಿಗಾಲ ಮೇಲೆ ನಿಂತೇ ಕಟ್ಟಬೇಕು. ಹೊರಗೆ ಅಧಿಕಾರಿಗಳು ನಿಯಮಗಳನ್ನು ಓದಲು ಶುರುಮಾಡಿದರು. ಗಂಡನ ಹಕ್ಕು, ಹೆಂಡತಿಯ ಹಕ್ಕು, ಇಬ್ಬರ ಕರ್ತವ್ಯ, ಎಲ್ಲವೂ ಒಂದೇ ಧ್ವನಿಯಲ್ಲಿ, ರೈಲು ಹಳಿಯ ಮೇಲೆ ಹೋದ ಹಾಗೆ. ಅಂಥ ಓದು ಕೇಳಿದರೆ ನಿದ್ದೆ ಬಾರದ ಕಾಯಿಲೆಯವರಿಗೂ ನಿದ್ದೆ ಬರುತ್ತದೆ. ನಾನು ರಿಬ್ಬನ್ನಿನ ಒಂದು ತುದಿಯನ್ನು ಕ್ರೀಮಿಗೆ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಸುತ್ತ ತರುತ್ತ, ಗಾಜಿನ ಕಡೆ ಕಣ್ಣು ಹಾಯಿಸಿದೆ.

ಅಕ್ಕನ ತಲೆ ಎದೆಯ ಮೇಲೆ ಬಿದ್ದಿತ್ತು.

ಏನೋ ಆಗಿಹೋಯಿತು ಎಂದೇ ಮೊದಲು ಹೊಳೆದದ್ದು. ಆಮೇಲೆ ಅವಳ ಭುಜ ಏರಿ ಇಳಿಯುವುದು ಕಂಡಿತು. ಬಾಯಿ ಸ್ವಲ್ಪ ತೆರೆದಿತ್ತು. ಎರಡು ದಿನದ ಮೇಲೆ ಕೂತ ಮೈ, ಮೆತ್ತೆಯ ಕುರ್ಚಿ, ತಣ್ಣನೆಯ ಗಾಳಿ. ಅಕ್ಕ ನಿದ್ದೆ ಹೋಗಿದ್ದಳು.

ನನಗೆ ಬಂದ ಕೋಪಕ್ಕೆ ಲೆಕ್ಕವಿಲ್ಲ. ಅವಳ ಮೇಲೆ, ಹಿಂದಿನ ದಿನದ ಆ ಕೇಕಿನ ಮೇಲೆ, ಆ ಮ್ಯಾನೇಜರಿನ ಮೇಲೆ, ಹಾಳು ಸೆಕೆಯ ಮೇಲೆ. ಓಡಿಹೋಗಿ ಅವಳನ್ನು ಅಲುಗಾಡಿಸಬೇಕು. ಆದರೆ ಕೈಯಲ್ಲಿ ರಿಬ್ಬನ್ನಿನ ಎರಡೂ ತುದಿ. ಬಿಟ್ಟರೆ ಜಾರುತ್ತದೆ, ಜಾರಿದರೆ ಮೇಲಿನ ಅಂತಸ್ತನ್ನು ಗೀಚಿಕೊಂಡೇ ಇಳಿಯುತ್ತದೆ. ಕಾಲು ಚಾಚಿ ಬಾಗಿಲನ್ನು ತಳ್ಳಿದೆ. ಅರ್ಧ ತೆರೆಯಿತು. ಹೆಸರು ಹಿಡಿದು ಕೂಗಲು ಬಾಯಿ ತೆರೆದೆ.

ಬಾಗಿಲಿನ ಸದ್ದಿಗೆ ಚಮಚ ತಿರುಗಿ ನೋಡಿದಳು. ನನ್ನನ್ನು ನೋಡಿದಳು, ನಾನು ನೋಡುತ್ತಿದ್ದ ಕಡೆ ನೋಡಿದಳು. ಅವಳ ಮುಖದಲ್ಲಿ ಒಂದು ಕ್ಷಣ ಆ ಹಳೆಯ ಖಾಲಿ ಕುರ್ಚಿ ಕಂಡ ಹುಡುಗಿ ಬಂದುಹೋದಳು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಬೇಡ.

ಅಧಿಕಾರಿಗಳು ಓದಿ ಮುಗಿಸಿ ಹುಡುಗನನ್ನು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ಚಮಚ ಅವನ ತೋಳು ಜಿಗುಟಿದಳು. ಪಾಪ, ತುಟಿ ಮಾತ್ರ ಅಲುಗಾಡಿಸಿದ. ಆಮೇಲೆ ಅವಳ ಸರದಿ.

"ಒಪ್ಪಿಗೆ," ಎಂದಳು. ಪಿಸುಮಾತಿನಲ್ಲಿ. ನಾನು ತುಟಿ ನೋಡಿ ತಿಳಿದುಕೊಂಡೆ, ಎರಡನೇ ಸಾಲಿಗೂ ಕೇಳಿಸಿರಲಾರದು.

"ಸ್ವಲ್ಪ ಜೋರಾಗಿ ಹೇಳಮ್ಮ. ಸಾಕ್ಷಿಗಳಿಗೆ ಕೇಳಿಸ್ಬೇಕು."

ಅವಳು ತುಟಿಯ ಮೇಲೆ ಬೆರಳಿಟ್ಟು, ಮುಂದಿನ ಸಾಲಿನ ಕಡೆ ತೋರಿಸಿದಳು. "ಅಮ್ಮ ಮಲಗಿದಾಳೆ ಸಾರ್."

ಅಧಿಕಾರಿಗಳು ಕನ್ನಡಕದ ಮೇಲಿಂದ ನೋಡಿದರು. ಸಾಕ್ಷಿಗಳು ಮೂವರೂ ಬಗ್ಗಿ ನೋಡಿದರು. "ಸರಿ," ಎಂದು ಅಧಿಕಾರಿಗಳೂ ಪಿಸುಗುಟ್ಟಿದರು. ಸಹಿ ಹಾಕಿದ್ದಾಯಿತು. ಯಾರೋ ಚಪ್ಪಾಳೆಗೆ ಕೈ ಎತ್ತಿದರು. ಅಕ್ಕನ ಪಕ್ಕದಲ್ಲಿ ಕೂತಿದ್ದ ಹುಡುಗನ ತಾಯಿ, ದಪ್ಪನೆಯ ಹೆಂಗಸು, ಹಿಂದಕ್ಕೆ ತಿರುಗಿ ಎರಡೂ ಕೈ ಎತ್ತಿ ಅವರನ್ನು ಗದರಿಸಿದರು. ಅಷ್ಟು ದೊಡ್ಡ ಹಾಲು, ಅಷ್ಟು ಜನ, ಒಂದು ಕೆಮ್ಮಿನ ಸದ್ದೂ ಇಲ್ಲ. ನಾನು ಆ ಹೊತ್ತಿನಲ್ಲಿ ರಿಬ್ಬನ್ನಿನ ತುದಿ ಕೂರಿಸಿದೆ. ಹೇಗೆ ಕೂರಿಸಿದೆನೋ ದೇವರಿಗೇ ಗೊತ್ತು, ಕಣ್ಣು ಮಂಜಾಗಿತ್ತು.

ಕೆಡಿಸಿದ್ದು ಅದೇ ಮ್ಯಾನೇಜರು. ಊಟಕ್ಕೆ ಏಳಿ ಎಂದು ಹೇಳಲು ಮೈಕನ್ನು ತಟ್ಟಿದ. ಅದು ಕಿರ್ರೆಂದು ಕೂಗಿತು. ಅಕ್ಕ ತಲೆಯೆತ್ತಿದಳು. ಬಾಯಿಯ ಅಂಚನ್ನು ಒರೆಸಿಕೊಂಡು, ನೆಟ್ಟಗೆ ಕೂತು, ಮೊದಲು ಮಗಳನ್ನು ನೋಡಿದಳು, ಆಮೇಲೆ ಸುತ್ತ ನೋಡಿದಳು.

"ಶುರುವಾಯ್ತಾ?" ಎಂದು ಪಕ್ಕದವರನ್ನು ಕೇಳಿದಳು.

"ಇಲ್ಲ ಕಣ್ರೀ. ಈಗ ಶುರು," ಎಂದರು ಬೀಗಿತ್ತಿ, ಕಣ್ಣು ಕೂಡ ಮಿಟುಕಿಸದೆ.

ಅಧಿಕಾರಿಗಳು ಅಷ್ಟು ಹೊತ್ತಿಗೆ ಪೆನ್ನಿನ ಮುಚ್ಚಳ ಹಾಕಿದ್ದರು. ಚಮಚ ಅವರ ಕಡೆ ತಿರುಗಿದಳು. "ಸಾರ್, ಈಗ ಕೇಳಿ."

ಅವರು ಅವಳನ್ನು ನೋಡಿದರು, ಅಕ್ಕನನ್ನು ನೋಡಿದರು. ಮುಖದಲ್ಲಿ ಸರ್ಕಾರದ ಕಳೆ ಹಾಗೇ ಇತ್ತು. ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಗಂಟಲು ಸರಿಮಾಡಿಕೊಂಡು, ಇಡೀ ಹಾಲಿಗೆ ಕೇಳುವ ಹಾಗೆ ಕೇಳಿದರು. "ಈ ಮದುವೆಗೆ ನಿಮ್ಮ ಒಪ್ಪಿಗೆ ಇದೆಯೇ?"

"ಒಪ್ಪಿಗೆ!" ಎಂದಳು ಚಮಚ. ಬೀದಿಯವರಿಗೆಲ್ಲ ಕೇಳಿಸಿರಬೇಕು.

ಇಷ್ಟು ಹೊತ್ತು ತಡೆದಿಟ್ಟುಕೊಂಡ ಚಪ್ಪಾಳೆ ಒಮ್ಮೆಗೇ ಬಿತ್ತು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕೇಕು ಹೊರಗೆ ಹೋಯಿತು, ಕತ್ತರಿಸಿದರು, ತಿಂದರು. ರಿಬ್ಬನ್ನನ್ನು ಒಬ್ಬರೂ ನೋಡಲಿಲ್ಲ.

ಖಾಲಿ ತಟ್ಟೆಗಳನ್ನೂ ಗಾಲಿಮೇಜನ್ನೂ ಗಾಡಿಗೆ ತುಂಬಿ ಹೊರಡುವಾಗ ಸಂಜೆಯಾಗಿತ್ತು. ಮಗಳು ಅಳಿಯ ಬೇರೆ ದಾರಿಯಲ್ಲಿ ಹೋಗಿದ್ದರು. ಅಕ್ಕ ಚಪ್ಪಲಿ ಬಿಚ್ಚಿ, ಕಾಲು ಮುಂದಕ್ಕೆ ಚಾಚಿ ಕೂತಿದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನೂರಾರು ಜನ ಮುಚ್ಚಿಟ್ಟದ್ದು ನನ್ನ ಬಾಯಿಂದ ಹೊರಬೀಳಬಾರದು.

"ಚೆನ್ನಾಗಿ ಕಾಣಿಸ್ತಾ ಅಲ್ಲಿಂದ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಕಾಣಿಸ್ತು."

ಸಿಗ್ನಲ್ಲಿನಲ್ಲಿ ನಿಂತೆವು. ಅಕ್ಕ ತನ್ನ ಪಾದವನ್ನು ತಿಕ್ಕಿಕೊಳ್ಳುತ್ತಿದ್ದಳು.

"ಎರಡನೇ ಸಲ ಸ್ವಲ್ಪ ಜಾಸ್ತಿನೇ ಕೂಗಿದ್ಲು, ಅಲ್ವಾ?"

ದೀಪ ಹಸಿರಾಯಿತು. ಹಿಂದಿನವನು ಹಾರ್ನ್ ಒತ್ತಿದ. ನನ್ನ ಕೈಗೆ ಗೇರು ಸಿಗಲಿಲ್ಲ. ಹೇಗೋ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದೆ.

"ಮೊದಲನೇದೂ ಕೇಳಿಸ್ತು ಕಣೇ," ಎಂದಳು ಅಕ್ಕ. "ನೀನು ಬಾಗಿಲು ಒದ್ದಿದ್ದೂ ಕೇಳಿಸ್ತು. ಅಮ್ಮ ಮಲಗಿದಾಳೆ ಅಂದಿದ್ದೂ ಕೇಳಿಸ್ತು. ಈಗ ಹೇಳ್ತಾಳೆ, ಕಣ್ಣು ಬಿಡು, ಬಿಡೇ ಅಂತ ಒಳಗೊಳಗೇ ನನ್ನನ್ನೇ ಬೈಕೊಂಡೆ. ರೆಪ್ಪೆ ಏಳಲೇ ಇಲ್ಲ. ಯಾರೋ ಹೊಲಿದ ಹಾಗಾಗಿತ್ತು."

"ಮತ್ತೆ ಶುರುವಾಯ್ತಾ ಅಂತ ಕೇಳಿದೆಯಲ್ಲ?"

"ಇನ್ನೇನು ಕೇಳ್ಲಿ? ಅಷ್ಟು ಜನ ಉಸಿರು ಬಿಗಿಹಿಡ್ಕೊಂಡು ನನ್ನನ್ನೇ ನೋಡ್ತಿದ್ರು. ಅವಳು ಮೇಲೆ ನಿಂತು ನೋಡ್ತಿದ್ಲು. ಆಗಿಹೋಯ್ತು, ನಾನು ನೋಡ್ಲಿಲ್ಲ ಅಂತ ಅವಳ ಮುಖಕ್ಕೆ ಹೇಗೆ ಹೇಳೋದು?" ಬಿಚ್ಚಿಟ್ಟ ಚಪ್ಪಲಿಯನ್ನು ಕಾಲಿನಿಂದ ಬದಿಗೆ ಸರಿಸಿದಳು. "ಅವಳಿಗೆ ಹೇಳ್ಬೇಡ."

"ಹೇಳಲ್ಲ."

"ಅಮ್ಮ ನೋಡಿದ್ಲು ಅಂತಾನೇ ಇರ್ಲಿ."

"ನೋಡಿದೆಯಲ್ಲ ಅಕ್ಕ," ಎಂದೆ. "ಎರಡನೇದು ನೋಡಿದೆಯಲ್ಲ. ಕಣ್ತುಂಬ ನೋಡಿದೆ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಎರಡನೇದು ಅವಳು ನನಗೋಸ್ಕರ ಹೇಳಿದ್ದು. ಮೊದಲನೇದು ತನಗೋಸ್ಕರ ಹೇಳ್ಕೊಂಡಿದ್ದು. ನನಗೆ ಅದು ಬೇಕಿತ್ತು."

ಗಾಡಿ ಹೊರಡಿಸಿದೆ. ಮನೆ ಸೇರುವ ತನಕ ಅವಳು ಕಣ್ಣು ಮುಚ್ಚಲಿಲ್ಲ.